ಹಳೆಯ ಚಾವಿ ವಾಚಿನ ಬ್ಯಾಲೆನ್ಸ್ ವ್ಹೀಲ್: ಸ್ಕ್ರೂ ಬಿಗಿಯುವ ಮುನ್ನ

ಎಚ್‌ಎಂಟಿ ಸಂಸ್ಥೆಯು ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ವಾಚು ತಯಾರಿಕೆ ಆರಂಭಿಸಿತು. ಆ ಪರಂಪರೆಯ ‘ಜನತಾ’ದಂತಹ ಚಾವಿ ವಾಚುಗಳನ್ನು ಮನೆಯಲ್ಲೇ ಬಿಚ್ಚಿ ಸರಿಪಡಿಸಲು ಹೊರಟವರು ಹೆಚ್ಚಾಗಿ ಮುರಿಯುವುದು ಬ್ಯಾಲೆನ್ಸ್ ವ್ಹೀಲಿನ (ಆಚೀಚೆ ತೂಗುತ್ತ ವಾಚಿನ ಲಯ ಕಾಯುವ ಚಕ್ರ) ಪಿವಟ್ಟನ್ನು, ಅಂದರೆ ಅದರ ಅಚ್ಚಿನ ತುದಿಯನ್ನು. ತಲೆಗೂದಲಿನಷ್ಟು ಸಣ್ಣದಾದ ಈ ತುದಿ ಮುರಿಯುವುದು ಬಿಚ್ಚುವಾಗಲ್ಲ, ಮರಳಿ ಕೂರಿಸುವಾಗ.

ಹಿಂಬದಿಯ ಮುಚ್ಚಳ ತೆಗೆದ ಮೇಲೆ, ಚಾವಿಯ ಗುಂಡಿಯನ್ನು ಬೆರಳುಗಳಲ್ಲಿ ಹಿಡಿದುಕೊಂಡೇ ಕ್ಲಿಕ್ಕನ್ನು (ಕೊಟ್ಟ ಚಾವಿ ಬಿಚ್ಚಿಕೊಳ್ಳದಂತೆ ತಡೆಯುವ ಕೊಕ್ಕೆ) ಸರಿಸಿ, ವಾಚಿಗೆ ಶಕ್ತಿ ಕೊಡುವ ಮೇನ್‌ಸ್ಪ್ರಿಂಗಿನ ಬಿಗಿಯನ್ನು ನಿಧಾನವಾಗಿ ಇಳಿಸಿರಿ. ನಂತರ ಬ್ಯಾಲೆನ್ಸ್ ಬ್ರಿಡ್ಜನ್ನು (ವ್ಹೀಲನ್ನು ಮೇಲಿನಿಂದ ಹಿಡಿಯುವ ಲೋಹದ ತುಂಡು) ವ್ಹೀಲ್ ಸಮೇತ ಎತ್ತಿ, ವ್ಹೀಲಿಗೆ ಸೇರಿದ ಎಳೆಯಂಥ ಸುರುಳಿಯಾದ ಹೇರ್‌ಸ್ಪ್ರಿಂಗ್ ಜಗ್ಗದಂತೆ ಮಗುಚಿ ಇಡಿರಿ. ಹೇರ್‌ಸ್ಪ್ರಿಂಗಿನ ಸುತ್ತುಗಳು ಒಂದಕ್ಕೊಂದು ಅಂಟಿದ್ದರೆ ಎಣ್ಣೆಯೋ ಅಯಸ್ಕಾಂತವೋ ಕಾರಣವಾಗಿದ್ದು, ಎರಡರಲ್ಲೂ ವಾಚು ವಿಪರೀತ ಮುಂದೆ ಓಡುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಮತ್ತು ಹೊಲಿಗೆ ಯಂತ್ರದ ಎಣ್ಣೆಯನ್ನು ವಾಚಿನ ಹತ್ತಿರವೂ ತರಬಾರದು.

ಕೂರಿಸುವ ಹಂತದಲ್ಲಿ ಅವಸರ ಸಲ್ಲದು. ಮೊದಲು ಕೆಳಗಿನ ಪಿವಟ್ಟು ತನ್ನ ಜುವೆಲ್ಲಿನ (ಪಿವಟ್ಟು ಕೂರುವ ಪುಟ್ಟ ಹರಳು) ರಂಧ್ರಕ್ಕೆ ಇಳಿಯಬೇಕು. ವ್ಹೀಲಿನಡಿಯ ಇಂಪಲ್ಸ್ ಜುವೆಲ್ ಎಂಬ ಹರಳು ಪ್ಯಾಲೆಟ್ ಫೋರ್ಕಿನ (ವ್ಹೀಲಿಗೆ ತಳ್ಳು ಕೊಡುವ ಪುಟ್ಟ ಸನ್ನೆ) ಕವಲಿನೊಳಗೆ ಸೇರಬೇಕು. ಆಮೇಲೆ ಬ್ರಿಡ್ಜಿನ ಗೂಟಗಳು ತಮ್ಮ ತೂತುಗಳಲ್ಲಿ ಒತ್ತಾಯವಿಲ್ಲದೆ ಕೂರಬೇಕು. ಬ್ರಿಡ್ಜನ್ನು ಬೆರಳಿನಿಂದ ಅದುಮಬೇಡಿರಿ. ಸ್ಕ್ರೂವನ್ನು ಒಂದೆರಡು ಸುತ್ತು ಮಾತ್ರ ಹಿಡಿಸಿ, ಯಂತ್ರವನ್ನು ಮಟ್ಟವಾಗಿ ಹಿಡಿದು ಮೆಲ್ಲನೆ ಆಚೀಚೆ ತಿರುಗಿಸಿದಾಗ ವ್ಹೀಲು ತಡೆಯಿಲ್ಲದೆ ತೂಗಿದರೆ, ಮೇಲಿನ ಪಿವಟ್ಟೂ ಸೇರಿದೆ ಎಂದರ್ಥ. ಕಾಲು ಕಾಲು ಸುತ್ತು ಬಿಗಿದು, ಪ್ರತಿ ಸಲವೂ ಹೀಗೆಯೇ ಪರೀಕ್ಷಿಸಿರಿ. ವ್ಹೀಲು ನಿಂತ ಕ್ಷಣವೇ ಸ್ಕ್ರೂ ಸಡಿಲಿಸಿರಿ. ಪೂರ್ತಿ ಬಿಗಿದ ಮೇಲೂ ಚಿಮಟದಿಂದ ವ್ಹೀಲನ್ನು ನವಿರಾಗಿ ಎತ್ತಿದರೆ ಕೂದಲೆಳೆಯಷ್ಟು ಆಟ (ಸಡಿಲ) ಇರಲೇಬೇಕು. ಆ ಆಟಕ್ಕಾಗಿ ಬ್ರಿಡ್ಜಿನ ಕೆಳಗೆ ಕಾಗದದ ಚೂರು ತುರುಕುವುದು, ಲೋಹವನ್ನು ಗುದ್ದಿ ಉಬ್ಬಿಸುವುದು ಇವೆರಡೂ ಯಂತ್ರಕ್ಕೆ ಮಾಡುವ ಅನ್ಯಾಯ.

ಪಿವಟ್ಟು ಮುರಿದಿದ್ದರೆ ವ್ಹೀಲನ್ನಷ್ಟೇ ಬದಲಿಸಬೇಡಿರಿ. ವ್ಹೀಲು ಮತ್ತು ಹೇರ್‌ಸ್ಪ್ರಿಂಗ್ ಪರಸ್ಪರ ಹೊಂದಿಸಿದ ಜೋಡಿಯಾದ್ದರಿಂದ, ಅದೇ ಮಾದರಿಯ ಇನ್ನೊಂದು ಯಂತ್ರದಿಂದ ಎರಡನ್ನೂ ಒಟ್ಟಿಗೆ ತೆಗೆದು ಹಾಕುವುದೇ ಸರಿ.

ಚಾವಿ ಕೊಟ್ಟರೂ ಅಲುಗಾಡಿಸದೆ ವಾಚು ಹೊರಡದಿದ್ದರೆ ‘ಟಿಕ್’ ಮತ್ತು ‘ಟಾಕ್’ಗಳ ನಡುವಿನ ಅಂತರ ಸಮವಾಗಿಲ್ಲದಿರಬಹುದು. ಹೇರ್‌ಸ್ಪ್ರಿಂಗಿನ ಹೊರತುದಿಯನ್ನು ಸಿಕ್ಕಿಸಿದ ಸ್ಟಡ್ ಹಿಡಿಯುವ ತೋಳು ಸರಿಯುವಂತಿದ್ದರೆ ಅದನ್ನು ತುಸುವೇ ಸರಿಸಿ ಸಮಗೊಳಿಸಬಹುದು. ಸರಿಯದಿದ್ದರೆ ಹೇರ್‌ಸ್ಪ್ರಿಂಗಿನ ಕಾಲೆಟ್ಟನ್ನೇ (ಅದರ ಒಳತುದಿ ಹಿಡಿದ ಉಂಗುರ) ತಿರುಗಿಸಬೇಕಾಗುತ್ತದೆ. ಆ ಕೆಲಸವನ್ನು ಪಳಗಿದ ಕೈಗೆ ಒಪ್ಪಿಸಿರಿ.

ವಾಚಿನ ವೇಗ ತಿದ್ದುವ ಸಣ್ಣ ಕಡ್ಡಿಯಾದ ರೆಗ್ಯುಲೇಟರಿಗೆ ಕೈ ಹಾಕುವುದು ಇದೆಲ್ಲ ಮುಗಿದ ಮೇಲೆಯೇ. ಜನತಾ ಗಂಟೆಗೆ 18,000 ಬಾರಿ, ಅಂದರೆ ಸೆಕೆಂಡಿಗೆ ಐದು ಬಾರಿ ಮಿಡಿಯುತ್ತದೆ. ರೆಗ್ಯುಲೇಟರ್ ಒಂದಿಷ್ಟು ಸರಿದರೂ ದಿನದ ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸವಾಗುತ್ತದೆ. ಹಾಗಾಗಿ ದಿನವೂ ಒಂದೇ ಹೊತ್ತಿಗೆ ಪೂರ್ತಿ ಚಾವಿ ಕೊಟ್ಟು, 24 ಗಂಟೆಗಳ ಏರುಪೇರನ್ನು ಬರೆದಿಟ್ಟುಕೊಂಡ ನಂತರವೇ ಮುಂದಿನ ತಿದ್ದುಪಡಿ ಮಾಡಿರಿ.