ಬಜ್ಪೆ ವಿಮಾನದ ವಿಡಿಯೋ ಬಂದ್ರೆ ಮೊದಲು ಇದನ್ನು ನೋಡಿ

ಮಳೆಗಾಲ ಶುರುವಾದರೆ ಸಾಕು, ನಮ್ಮ ಮಂಗಳೂರು ವಿಮಾನ ನಿಲ್ದಾಣದ ಬಗ್ಗೆ ‘ಇವತ್ತು ಬಜ್ಪೆಯಲ್ಲಿ ಸ್ವಲ್ಪದರಲ್ಲೇ ತಪ್ಪಿದ ದುರಂತ’ ಅಂತ ವಿಡಿಯೋ ಓಡಾಡುತ್ತದೆ. 2010ರ ಮೇ 22ರಂದು ವಿಮಾನ ದುರಂತದಲ್ಲಿ 158 ಜನ ತೀರಿಕೊಂಡ ಊರಿದು, ವಿಡಿಯೋ ನಿಜವೋ ಸುಳ್ಳೋ ನೋಡದೆ ಸುಮ್ನೆ ಗಾಬರಿ ಹಬ್ಬಿಸುವುದು ಬೇಡ.

ವಿಮಾನ ಓರೆಯಾಗಿ ಬರುತ್ತಿದೆ ಅಂದ ಮಾತ್ರಕ್ಕೆ ವಿಡಿಯೋ ಸುಳ್ಳಲ್ಲ. ಅಡ್ಡಗಾಳಿ ಇದ್ದಾಗ ಪೈಲಟ್‌ಗಳು ಮೂತಿಯನ್ನು ಗಾಳಿಯ ಕಡೆ ತಿರುಗಿಸಿಕೊಂಡೇ ಬರುತ್ತಾರೆ. ಜೂಮ್ ಮಾಡಿದರೆ ಇನ್ನೂ ಭಯಂಕರವಾಗಿ ಕಾಣುತ್ತದೆ, ಅಷ್ಟೇ.

ನೋಡಬೇಕಾದ್ದು ಚಕ್ರ. ಒಣ ರನ್‌ವೇ ಮುಟ್ಟಿದ ಕೂಡಲೇ ಟೈರಿನಿಂದ ಹೊಗೆ ಏಳಬೇಕು, ಒದ್ದೆ ಇದ್ದರೆ ನೀರು ಚಿಮ್ಮಬೇಕು. ಬಿಸಿಲಿದ್ದರೆ ಚಕ್ರವೂ ನೆರಳೂ ಒಂದೇ ಜಾಗದಲ್ಲಿ ಸೇರಬೇಕು. ಆಮೇಲೆ ರೆಕ್ಕೆ ಮೇಲಿನ ಸ್ಪಾಯ್ಲರ್‌ಗಳು, ಅಂದ್ರೆ ವೇಗ ತಗ್ಗಿಸುವ ಹಲಗೆಗಳು, ಎದ್ದು ನಿಲ್ಲುತ್ತವೆ. ಒಂದು ಕಿಲೋಮೀಟರ್ ದೂರದಿಂದ ತೆಗೆದದ್ದಾದರೆ ಸದ್ದು ಸುಮಾರು 3 ಸೆಕೆಂಡ್ ತಡವಾಗಿ ಕೇಳಬೇಕು. ಹಾಡು ಹಾಕಿ ಸದ್ದು ಮುಚ್ಚಿದ್ದರೆ ನನಗಂತೂ ಅನುಮಾನ ಜಾಸ್ತಿ. ದೊಡ್ಡ ವಿಮಾನ ಪಲ್ಟಿ ಹೊಡೆದು ಆರಾಮಾಗಿ ಇಳಿದರೆ ಅದು ವಿಡಿಯೋ ಗೇಮ್, ಬಿಡಿ.

ಜಾಗವನ್ನೂ ಗಮನಿಸಿ. ನಮ್ಮದು ಗುಡ್ಡದ ಮೇಲಿನ 2,450 ಮೀಟರ್ ಟೇಬಲ್‌ಟಾಪ್ ರನ್‌ವೇ, ಅಂದ್ರೆ ಮೇಜಿನಂತೆ ಮೇಲೆ ಸಮತಟ್ಟು, ಅಂಚಿಗೆ ಇಳಿಜಾರು. ಸುತ್ತ ಬರೀ ಬಯಲೋ, ಎರಡು ಮಹಡಿಯ ಎ380 ವಿಮಾನವೋ ಕಂಡರೆ ಅದು ಬಜ್ಪೆ ಅಲ್ವೇ ಅಲ್ಲ.

ಇನ್ನೂ ಡೌಟಾ? ಸ್ಕ್ರೀನ್‌ಶಾಟ್ ತೆಗೆದು ಗೂಗಲ್ ಲೆನ್ಸ್‌ಗೆ ಹಾಕಿ. ಹಳೇ ವಿಡಿಯೋ ಆದರೆ ಸಾಮಾನ್ಯವಾಗಿ ಅಲ್ಲೇ ಸಿಕ್ಕಿಬೀಳುತ್ತದೆ.