ಸಹಿ ಬಾಡಿಗೆಗೆ ಕೊಡೋದನ್ನು ನಿಲ್ಲಿಸಿದ ಮೇಲೆ

ನಮ್ಮ ಹಾಸನದ ಕಡೆ ಇದು ಎಲ್ಲರಿಗೂ ಗೊತ್ತು. ಲೈಸೆನ್ಸ್ ಇಲ್ಲದವರು ವೈರಿಂಗ್ ಮುಗಿಸ್ತಾರೆ. ಮೀಟರ್ ಬೇಕಾದಾಗ ಕಂಪ್ಲೀಷನ್ ರಿಪೋರ್ಟ್, ಅಂದ್ರೆ ಕೆಲಸ ಸರಿಯಾಗಿ ಮುಗಿದಿದೆ ಅನ್ನೋ ಕಾಗದ, ಹಿಡ್ಕೊಂಡು ಲೈಸೆನ್ಸ್ ಇರೋ ಕಾಂಟ್ರಾಕ್ಟರ್ ಹತ್ತಿರ ಸಹಿಗೆ ಬರ್ತಾರೆ. ನಾನೂ ಅಂಥ ಕಾಂಟ್ರಾಕ್ಟರೇ, ಹಾಕಿಕೊಡುತ್ತಿದ್ದೆ. ಒಂದು ಸಹಿಗೆ 800 ರೂಪಾಯಿ, ತಿಂಗಳಿಗೆ ಹದಿನೈದಾದರೂ ಆಗುತ್ತಿತ್ತು. ಸುಮ್ನೆ ಕೂತಲ್ಲೇ 12 ಸಾವಿರ.

ಆಲೂರು ಕಡೆ ಒಂದು ಮನೆಯಿಂದ ಅದು ನಿಂತಿತು. ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ಥ್ ಗುಂಡಿಯನ್ನೇ ತೆಗೆದಿರಲಿಲ್ಲ. ಬದಲಿಗೆ ಗೀಸರ್ ಸಾಕೆಟ್‌ನಲ್ಲಿ ನ್ಯೂಟ್ರಲ್‌ನಿಂದ, ಅಂದ್ರೆ ಕರೆಂಟ್ ವಾಪಸ್ ಹೋಗೋ ವೈರ್‌ನಿಂದ, ಅರ್ಥ್ ಪಿನ್ನಿಗೆ ತುಂಡು ವೈರ್ ಜೋಡಿಸಿದ್ದರು. ಮಳೆಗಾಲದಲ್ಲಿ ಮೇನ್‌ನಲ್ಲಿ ನ್ಯೂಟ್ರಲ್ ಸಡಿಲವಾಗಿ ಬಿಟ್ಟುಕೊಂಡಿತು. ಗೀಸರ್ ಬಾಡಿಗೇ ಕರೆಂಟ್. ಆ ಮನೆಯ ಅಮ್ಮ ನಲ್ಲಿ ಮುಟ್ಟಿ ಬಿದ್ದು ಕೈ ಮುರಿದುಕೊಂಡರು. ಜೀವ ಉಳಿಯಿತು, ಅದೇ ದೊಡ್ಡದು. ರಿಪೋರ್ಟ್‌ನಲ್ಲಿ ಇದ್ದದ್ದು ನನ್ನ ಹೆಸರು, ನನ್ನ ಲೈಸೆನ್ಸ್ ನಂಬರ್. ಆಸ್ಪತ್ರೆ ಖರ್ಚು, ಹೊಸ ವೈರಿಂಗ್ ಎಲ್ಲಾ ಸೇರಿ ಕೈಯಿಂದ 40 ಸಾವಿರ ಹೋಯಿತು. ಆ ಮನೆಗೆ ನಾನು ಕಾಲಿಟ್ಟದ್ದೇ ಅವತ್ತು ಮೊದಲು.

ಲೈಸೆನ್ಸ್ ಇರುವ ಕಾಂಟ್ರಾಕ್ಟರ್, ನೇರ ಉಸ್ತುವಾರಿಗೆ ಸೂಪರ್‌ವೈಸರ್, ಕೆಲಸಕ್ಕೆ ಪರ್ಮಿಟ್ ಇರುವ ವೈರ್‌ಮನ್ ಅನ್ನೋ ನಿಯಮ 1956ರಲ್ಲೂ ಇತ್ತು, 2010ರಲ್ಲೂ ಇತ್ತು, 2023ರ ಸುರಕ್ಷತಾ ನಿಯಮಗಳಲ್ಲೂ ಇದೆ. ನಾನು ಅದನ್ನು ಪರೀಕ್ಷೆಗೆ ಓದಿ ಬಿಟ್ಟಿದ್ದೆ, ಅಷ್ಟೆ.

ಆಮೇಲೆ ಒಂದು ತೀರ್ಮಾನ ಮಾಡಿದೆ. ವೈರಿನ ಪೈಪ್‌ಗೆ ಗೋಡೆ ಕೊರೆಯುವ ದಿನದಿಂದ ನಾನು ಇಲ್ಲದಿದ್ದರೆ, ವೈರಿನ ಇನ್ಸುಲೇಷನ್ ಅಳೆಯುವ ಮೆಗ್ಗರ್ ನಾನೇ ಹಿಡಿಯದಿದ್ದರೆ ಸಹಿ ಇಲ್ಲ. ಹಿರಿಯ ಕಾಂಟ್ರಾಕ್ಟರ್ ಒಬ್ಬರು, 'ತಮ್ಮಾ, ಆರು ತಿಂಗಳಲ್ಲಿ ಅಂಗಡಿ ಮುಚ್ತೀಯ' ಅಂದರು. ಮೊದಲ ವರ್ಷ ಹಾಗೇ ಅನ್ನಿಸಿತು. ತಿಂಗಳಿಗೆ ಎರಡೋ ಮೂರೋ ಕೆಲಸ. ಬೈಕ್ ಮಾರಿ ಡಿಜಿಟಲ್ ಮೆಗ್ಗರ್, ಅರ್ಥ್ ಟೆಸ್ಟರ್ ಎರಡನ್ನೂ ತಂದೆ. 17-18 ಸಾವಿರ ಆಗಿರಬೇಕು. ಮೊದಲ ಮನೆಯಲ್ಲೇ ಲೈಟ್ ಬಿಚ್ಚದೆ ಫೇಸ್‌ಗೂ ನ್ಯೂಟ್ರಲ್‌ಗೂ 500 ವೋಲ್ಟ್ ಕೊಟ್ಟು ಎಂಟು ಎಲ್‌ಇಡಿ ದೀಪದ ಡ್ರೈವರ್, ಅಂದ್ರೆ ಒಳಗಿನ ಸಣ್ಣ ಸರ್ಕ್ಯೂಟ್, ಸುಟ್ಟೆ. ಅದೂ ನನ್ನ ಖರ್ಚೇ.

ಈಗ ಪ್ರತಿ ಸರ್ಕ್ಯೂಟ್‌ನ ರೀಡಿಂಗ್ ಬರೆದು, ಬೋರ್ಡ್ ಮುಚ್ಚುವ ಮೊದಲು ಫೋಟೋ ತೆಗೆದು, ಮನೆಯವರ ಸಹಿ ಹಾಕಿಸಿ ಒಂದು ಪ್ರತಿ ಅವರಿಗೇ ಕೊಡುತ್ತೇನೆ. ಇನ್ಸುಲೇಷನ್ ಒಂದು ಮೆಗಾ ಓಮ್ ಇದ್ದರೆ ನಿಯಮಕ್ಕೆ ಸಾಕು, ಜಾಸ್ತಿ ಇದ್ದಷ್ಟೂ ಒಳ್ಳೇದು. ಹೊಸ ವೈರಿಂಗ್‌ನಲ್ಲಿ 50ಕ್ಕಿಂತ ಕೆಳಗೆ ಬಂದರೂ ನಾನು ಬಿಚ್ಚಿಸುತ್ತೇನೆ. ಬೇರೆ ಸರ್ಕ್ಯೂಟ್‌ನಿಂದ ಕದ್ದ ನ್ಯೂಟ್ರಲ್ ಹತ್ತು ನಿಮಿಷದಲ್ಲಿ ಸಿಗುತ್ತೆ. ಅದಕ್ಕೆ ಯಾವುದನ್ನು ಮೊದಲು ಬಿಚ್ಚಬೇಕು ಅನ್ನೋ ಗುಟ್ಟು ಮಾತ್ರ ನನ್ನ ಹುಡುಗರಿಗೆ ಮೀಸಲು. ಟೆಸ್ಟಿಂಗ್ ದುಡ್ಡನ್ನು ಎಸ್ಟಿಮೇಟ್‌ನಲ್ಲಿ ಹೇಗೆ ಕೂರಿಸುತ್ತೇನೆ ಅನ್ನೋದನ್ನೂ ಇಲ್ಲಿ ಬರೆಯಲ್ಲ.

ಅರ್ಥ್ ಟೆಸ್ಟರ್ ಕೈಗೆ ಬಂದ ಮೇಲೆ ಇನ್ನೊಂದು ಹುಚ್ಚು ಹಿಡಿಯಿತು. ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಪಲ್ಪರ್ ಮನೆ, ಅಂದ್ರೆ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಮೆಷಿನ್ ಇರೋ ಜಾಗ. ನಾಲ್ಕು ಅಡಿಗೆ ಬಂಡೆ, ಅರ್ಥ್‌ಗೆ ಹೂಳುವ ಎಂಟಡಿ ಪೈಪ್ ಇಳಿಯಲ್ಲ. ಅರ್ಥ್‌ನಲ್ಲಿ ಓಮ್ ಕಡಿಮೆ ಇದ್ದಷ್ಟೂ ಒಳ್ಳೇದು. ಏಪ್ರಿಲ್‌ನಲ್ಲಿ 38 ಓಮ್, ಅದೇ ಗುಂಡಿ ಜುಲೈನಲ್ಲಿ 14. ಮಳೆಗಾಲದಲ್ಲಿ ಅಳೆದು ಖುಷಿಪಡಬೇಡಿ, ಮಾರಾಯ್ರೇ. ಕೆಳಗೆ ತೋಡಿನ ಪಕ್ಕ ಎರಡು ಗುಂಡಿ ತೆಗೆಸಿ ಜಿಐ, ಅಂದ್ರೆ ಸತು ಲೇಪಿಸಿದ ಕಬ್ಬಿಣದ, ಪಟ್ಟಿಯಲ್ಲಿ ಜೋಡಿಸಿದೆ. ಒಂದಕ್ಕೆ ಉಪ್ಪು, ಇದ್ದಿಲು. ಇನ್ನೊಂದಕ್ಕೆ ತೇವ ಹಿಡಿದಿಡುವ ಬೆಂಟೊನೈಟ್ ಜೇಡಿಮಣ್ಣು. ಎರಡೂ ಸೇರಿ ಬೇಸಿಗೆಯಲ್ಲೇ 6 ಓಮ್ ಬಂತು. ಎರಡು ಮಳೆಗಾಲ ಕಳೆದ ಮೇಲೆ ಜೋಡಣೆ ಬಿಡಿಸಿ ಬೇರೆ ಬೇರೆ ಅಳೆದೆ. ಉಪ್ಪಿನ ಗುಂಡಿಯ ಓಮ್ ಹೆಚ್ಚುಕಡಿಮೆ ದುಪ್ಪಟ್ಟಾಗಿತ್ತು, ಪೈಪೂ ತುಕ್ಕು ಹಿಡಿದಿತ್ತು. ಬೆಂಟೊನೈಟ್‌ನ ರೀಡಿಂಗ್ ಅಲ್ಲಾಡಿರಲಿಲ್ಲ. ಬೆಂಟೊನೈಟ್‌ಗೆ ಗುಂಡಿಗೆ 1,500 ರೂಪಾಯಿ ಜಾಸ್ತಿ ಆಯ್ತು, ಆದರೆ ಮಲೆನಾಡಿನ ಮಳೆಗೆ ಅದೇ ಸರಿ.

ಆ ತೋಟದ ಲೆಕ್ಕ ನೋಡೋ ರೈಟರ್ ನನ್ನ ರೀಡಿಂಗ್ ಹಾಳೆಯನ್ನು ಪಕ್ಕದ ತೋಟಕ್ಕೆ ತೋರಿಸಿದ್ದರು. ಅಲ್ಲಿಂದ ಇನ್ನೊಂದಕ್ಕೆ ಹೋಯಿತು. ಈಗ ಐದು ತೋಟದವರು ಕುಯ್ಲಿಗೆ ಮುಂಚೆ ವರ್ಷಕ್ಕೊಂದು ಸಲ ಕರೆಸುತ್ತಾರೆ. ಅದರಿಂದಲೇ ಒಂದು ಲಕ್ಷದ ಮೇಲೆ ಬರುತ್ತೆ. ಇಬ್ಬರು ಹುಡುಗರಿಗೆ ಪರ್ಮಿಟ್ ಮಾಡಿಸಿದ್ದೇನೆ, ಫೀಸು ನಾನೇ ಕಟ್ಟಿದೆ. ಮೂರನೆಯವನಿಗೆ ಇನ್ನೂ ಆಗಿಲ್ಲ. ಅಲ್ಲಿವರೆಗೆ ಅವನು ಪೈಪ್ ಹೊರುತ್ತಾನೆ, ಬೋರ್ಡ್ ಮುಟ್ಟಲ್ಲ.