ಬಳ್ಳಾರಿ ನೋಡೋದು ಹೇಗೆ?

ಹಂಪಿಗೆ ಬಂದವರು ಬಳ್ಳಾರಿಗೂ ಒಂದು ದಿನ ಇಟ್ಟುಕೊಳ್ಳಿ. ಬಿಸಿಲು ಏರುವ ಮೊದಲೇ ಕೋಟೆ ಗುಡ್ಡ ಹತ್ತಿ. ನೆರಳು ಕಡಿಮೆ, ನೀರು ಮರೆಯಬೇಡಿ. ಮೇಲಿನ ಕೋಟೆ ವಿಜಯನಗರದ ಸಾಮಂತ ಹನುಮಪ್ಪ ನಾಯಕ ಕಟ್ಟಿಸಿದ್ದು, ಕೆಳಗಿನದು ಹೈದರಾಲಿಯದು. ಎದುರಿನ ಕುಂಬಾರ ಗುಡ್ಡ ಇದಕ್ಕಿಂತ ಎತ್ತರ, ಅಲ್ಲಿಂದ ಕೋಟೆಗೆ ಅಪಾಯ ಅಂತ ಗೊತ್ತಾದ ಮೇಲೆ ಹೈದರಾಲಿ ತನ್ನ ಫ್ರೆಂಚ್ ಎಂಜಿನಿಯರನನ್ನೇ ಗಲ್ಲಿಗೇರಿಸಿದ ಎಂದು ಜನ ಹೇಳುತ್ತಾರೆ. ಮೇಲೆ ನಿಂತು ಆ ಗುಡ್ಡದ ಕಡೆ ನೋಡಿ, ಈ ಕತೆ ಯಾಕೆ ಹುಟ್ಟಿತು ಅಂತ ತಿಳಿಯುತ್ತದೆ. ಬಂಡೆ ಸಂದಿಗಳಲ್ಲಿ ಮಳೆನೀರು ಹಿಡಿಯುವ ಹೊಂಡಗಳಿವೆ, ಅವನ್ನಂತೂ ಬಿಡಬೇಡಿ.

ಇಳಿದು ಬಂದು ಬಿಸಿ ಮಿರ್ಚಿ, ವಗ್ಗಾಣಿ (ಮಂಡಕ್ಕಿ ಒಗ್ಗರಣೆ) ತಿನ್ನಿ. ಆಮೇಲೆ ಕಂಟೋನ್ಮೆಂಟ್. 1800ರಲ್ಲಿ ನಿಜಾಮ ಈ ಸೀಮೆಯನ್ನು ಬ್ರಿಟಿಷರಿಗೆ ಬಿಟ್ಟುಕೊಟ್ಟ, ಅವರ ದಂಡು ಇಲ್ಲೇ ಬೀಡುಬಿಟ್ಟಿತು. 1953ರಲ್ಲಷ್ಟೇ ಊರು ಮೈಸೂರು ರಾಜ್ಯಕ್ಕೆ ಸೇರಿದ್ದು. ಸಂಜೆ ಕೌಲ್ ಬಜಾರಿನಲ್ಲಿ ಸುಮ್ನೆ ಅಡ್ಡಾಡಿ.